ಬೀಗದಕ್ಕನ ದನಿ

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ, ಶವಗಳನ್ನಿಡುವ ತಣ್ಣನೆಯ ಕೋಣೆಗೂ ವಿದ್ಯಾರ್ಥಿಗಳು ಕೊಯ್ದು ಕಲಿಯುವ ಹಾಲಿಗೂ ನಡುವೆ, ಒಂದೇ ಕಿಟಕಿಯ ಸಣ್ಣ ಕೋಣೆಯೊಂದಿತ್ತು. ತಾವು ಸತ್ತ ಮೇಲೆ ದೇಹವನ್ನು ಕಾಲೇಜಿಗೆ ಕೊಡಬೇಕೆಂದು ಬರೆದುಕೊಟ್ಟವರ ವಿವರಗಳೆಲ್ಲ ಇರುತ್ತಿದ್ದದ್ದು ಅಲ್ಲಿ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತೆಯನ್ನು ಇಡೀ ವಿಭಾಗ ಕರೆಯುತ್ತಿದ್ದದ್ದು ಬೀಗದಕ್ಕ ಎಂದು. ಹೆಸರಿಟ್ಟವನು ಹಾಲಿನ ಅಟೆಂಡರ್. "ಬೀಗ ಇರೋದು ಬೀರುವಿಗಲ್ಲ ಕಣ್ರಯ್ಯ, ಅಕ್ಕನ ಬಾಯಿಗೆ," ಎಂದು ಅವನು ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ. ಆಕೆಗೆ ಅದರಿಂದ ಬೇಜಾರೇನೂ ಆಗಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಇಲ್ಲಿಗೆ ಬರುವ ಮೊದಲು ಆಕೆ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿದ್ದಳು. ಗಾಜಿನ ತೂತಿನಿಂದ "ಏನಮ್ಮ ತೊಂದರೆ? ಜೋರಾಗಿ ಹೇಳಿ!" ಎಂದು ಕೂಗುವುದೇ ಅಲ್ಲಿಯ ಕೆಲಸ. ಹೊರಗೆ ನಿಂತವರು ತಮ್ಮ ಗುಟ್ಟಿನ ಕಾಯಿಲೆಯನ್ನು ಕೂಗಿ ಹೇಳಬೇಕು, ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿ ಕೇಳಬೇಕು. ತಲೆ ತಗ್ಗಿಸಿ, ಹೇಳಲಾರದೆ, ಚಿಕಿತ್ಸೆಯೂ ಬೇಡವೆಂದು ವಾಪಸ್ ಹೋದವರನ್ನು ಆಕೆ ಕಣ್ಣಾರೆ ಕಂಡಿದ್ದಳು. ಅಂಗರಚನಾ ವಿಭಾಗಕ್ಕೆ ವರ್ಗವಾದಾಗ ಬೇರೆಯವರು "ಹೆಣಗಳ ಪಕ್ಕ ಕೂರ್ತೀಯಾ?" ಎಂದು ಮುಖ ಕಿವುಚಿದರೆ, ಈಕೆಗೆ ಬೆಟ್ಟದಂಥ ಭಾರ ಇಳಿದಂತಾಯಿತು. ಇಲ್ಲಿ ಯಾರೂ ಕೂಗುವಂತಿರಲಿಲ್ಲ.

ಬರೆದುಕೊಡಲು ಬಂದವರನ್ನು ಆಕೆ ಒಳಗೆ ಕೂರಿಸಿ, ಬಾಗಿಲು ಹಾಕಿ, ತಗ್ಗಿದ ದನಿಯಲ್ಲಿ ಮಾತಾಡಿಸುತ್ತಿದ್ದಳು. ಹೆಸರು, ವಿಳಾಸ, ಅವರ ಮತ್ತು ಸಂಬಂಧಿಕರ ಫೋನ್ ನಂಬರು ಒಂದು ಬೀರುವಿನಲ್ಲಿ. ವಯಸ್ಸು, ಕಾಯಿಲೆ, ಆದ ಆಪರೇಷನ್ನುಗಳು ಇನ್ನೊಂದರಲ್ಲಿ, ಬರೀ ಸಂಖ್ಯೆಯ ಕೆಳಗೆ. ಯಾವ ಸಂಖ್ಯೆ ಯಾರದೆಂದು ಗೊತ್ತಿದ್ದದ್ದು ಆಕೆಗೆ ಮತ್ತು ವಿಭಾಗದ ಮುಖ್ಯಸ್ಥರಿಗೆ ಮಾತ್ರ. ದೇಹ ಬಂದ ದಿನ ಹೆಸರು ಆಕೆಯ ಕೋಣೆಯಲ್ಲೇ ನಿಲ್ಲುತ್ತಿತ್ತು. ಕಾಲಿಗೆ ಕಟ್ಟಿದ ಸಂಖ್ಯೆಯಷ್ಟೇ ಮುಂದಕ್ಕೆ ಹೋಗುತ್ತಿತ್ತು. "ಅಕ್ಕಾ, ಇವರು ಯಾರಾಗಿದ್ರು?" ಎಂದು ವಿದ್ಯಾರ್ಥಿಗಳು ಗೋಗರೆದರೆ, "ನಿಮಗೆ ಪಾಠ ಹೇಳೋಕೆ ಬಂದವರು. ಕೈ ನಡುಗದ ಹಾಗೆ ಕಲೀರಿ," ಎಂದು ಕಳಿಸುತ್ತಿದ್ದಳು. ಬೀದಿಯಲ್ಲಿ ದಾನಿಗಳು ಎದುರಾದರೆ ಅವರೇ ನಗುವವರೆಗೆ ಈಕೆ ನಗುತ್ತಿರಲಿಲ್ಲ. ಪಕ್ಕದಲ್ಲಿದ್ದವರು "ಇವರು ಹೇಗೆ ಪರಿಚಯ?" ಎಂದು ಕೇಳಿಬಿಟ್ಟರೆ ಎಂಬ ಅಂಜಿಕೆ.

ಇಷ್ಟೆಲ್ಲ ಮಾಡುತ್ತಿದ್ದವಳು ತನ್ನ ಹೆಸರನ್ನೂ ಬರೆದಿಟ್ಟಿದ್ದಳು. ಸಂಬಂಧಿಕರ ಒಪ್ಪಿಗೆಗೆ ತನ್ನ ಅಕ್ಕನಿಂದ ಸಹಿ ಮಾಡಿಸಿದ್ದಳು. ಗಂಡನಿಗೆ ಹೇಳಿರಲಿಲ್ಲ. ಆತ ಲಿಫ್ಟ್ ರಿಪೇರಿಯವನು, ದಿನವಿಡೀ ಕತ್ತಲೆಯ ಗುಂಡಿಗಳಲ್ಲಿ ನೇತಾಡಿ ಬಂದು, ಮನೆಯಲ್ಲಿ ನಗಿಸುತ್ತಾ ಓಡಾಡುವ ಮನುಷ್ಯ. ಸಾವಿನ ಮಾತೆತ್ತಿದರೆ ಮಾತ್ರ ಎದ್ದು ಹೋಗುತ್ತಿದ್ದ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಕಳೆದಿದ್ದವು.

ಒಂದು ದಿನ ಮುಖ್ಯಸ್ಥರು ಆಕೆಯನ್ನು ಕರೆದು, ವಿವರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುವುದಾಗಿ ಹೇಳಿದರು. ಮುಖ್ಯಸ್ಥರು ಒಳ್ಳೆಯವರೇ. ಹಳೆಯ ಕಾರ್ಡುಗಳಿಗೆ ಗೆದ್ದಲು ಹಿಡಿಯುತ್ತಿತ್ತು. ಬರೆದುಕೊಟ್ಟ ಎಷ್ಟೋ ಜನ ಮನೆ ಬದಲಿಸಿದ್ದರು, ಕೆಲವರು ತೀರಿಕೊಂಡು ಮಣ್ಣಾಗಿದ್ದರೂ ಕಾಲೇಜಿಗೆ ಸುದ್ದಿ ಮುಟ್ಟಿರಲಿಲ್ಲ. ಹೊರಗಿನ ಒಂದು ಕಂಪನಿ ಕೆಲಸ ವಹಿಸಿಕೊಂಡಿತು. ಅದರ ಮ್ಯಾನೇಜರ್ ಮೃದು ಮಾತಿನ ನಡುವಯಸ್ಸಿನವನು. ಎರಡೂ ಬೀರುಗಳ ಕಾರ್ಡುಗಳನ್ನು ಅವನ ಜನ ಒಟ್ಟಿಗೆ ಸ್ಕ್ಯಾನ್ ಮಾಡಲು ಕೂತಾಗ ಬೀಗದಕ್ಕನಿಗೆ ತಡೆಯಲಾಗಲಿಲ್ಲ.

"ಇವೆರಡೂ ಒಂದೇ ಕಡೆ ಸೇರಬಾರದು ಸರ್."

"ಯಂತ್ರದೊಳಗೆ ಬೇರೆ ಬೇರೆಯಾಗೇ ಇರುತ್ತೆ ಮೇಡಂ. ನಿಮ್ಮ ಬೀರುವಿಗಿಂತ ಭದ್ರ."

ಆಮೇಲೆ ಅವನು ಆಕೆಯ ದನಿಯನ್ನು ಹೊಗಳಿದ. ಕಾಲೇಜಿಗೆ ಫೋನ್ ಮಾಡಿದವರಿಗೆ ಸ್ವಾಗತದ ನಾಲ್ಕು ಮಾತು ಬೇಕು, ನಿಮ್ಮ ದನಿಯೇ ಸರಿ ಎಂದ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಕೂರಿಸಿ ಓದಿಸಿದರು. ನಾಲ್ಕು ಮಾತು ಅಂದವರು ಹಾಳೆಯ ಮೇಲೆ ಹಾಳೆ ಮುಂದಿಟ್ಟರು. ಅಂಕಿಗಳು, ವಾರಗಳ ಹೆಸರು, ಊರು ಕೇರಿಗಳ ಹೆಸರು, ತಲೆಬುಡವಿಲ್ಲದ ವಾಕ್ಯಗಳು. ಆ ಕೋಣೆಯಲ್ಲಿ ಮಾತು ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತಿತ್ತು; ತನ್ನ ಮಾತು ತನಗೇ ಕೇಳಿಸದೆ ಆಕೆಗೆ ಉಸಿರು ಕಟ್ಟಿದಂತಾಯಿತು. ಸ್ವಾಗತಕ್ಕೆ ಇಷ್ಟೆಲ್ಲ ಯಾಕಪ್ಪಾ ಎಂದುಕೊಂಡಳು. ಯಾರನ್ನೂ ಕೇಳಲಿಲ್ಲ.

ಕೆಲವು ವಾರಗಳ ಮೇಲೆ ಡ್ರಾಯಿಂಗ್ ಮೇಷ್ಟ್ರು ಬಂದರು. ಒಂಟಿ ಜೀವ, ನಿವೃತ್ತರು. ದೇಹ ಬರೆದುಕೊಡಲು ಬಂದಾಗ, "ಜೀವಮಾನವಿಡೀ ಮಕ್ಕಳಿಗೆ ಮೂಗು ಬರೆಯೋಕೆ ಕಲಿಸಿದೆ, ಇನ್ನು ಒಳಗೇನಿದೆ ಅಂತ ನೋಡಿಕೊಳ್ಳಲಿ," ಎಂದು ನಗಿಸಿದ್ದವರು. ಅಂದು ಬಾಗಿಲಲ್ಲೇ ನಿಂತು ಆಕೆಯನ್ನು ದಿಟ್ಟಿಸಿದರು.

"ನಿನ್ನೆ ಫೋನಲ್ಲಿ ನೀವು ಚೆನ್ನಾಗಿ ಮಾತಾಡಿದ್ರಮ್ಮ. ಅರ್ಧಕ್ಕೇ ಇಟ್ಟುಬಿಟ್ರಿ."

"ನಾನಾ? ನಿಮ್ಮ ಹತ್ರಾನಾ ಮೇಷ್ಟ್ರೇ?"

"ಮತ್ತಿನ್ಯಾರು? 'ಇನ್ನೂ ಇದ್ದೀರಾ?' ಅಂದ್ರಿ. ಇದೀನಮ್ಮ ಅಂದೆ. ಹರ್ನಿಯಾ ಆಪರೇಷನ್ ಆಗಿದ್ದು ನಿಮಗೇ ತಾನೇ ಅಂತ ಕೇಳಿದ್ರಿ. 'ಸರಿ, ಮತ್ತೆ ಮಾಡ್ತೀನಿ' ಅಂದು ಇಟ್ರಿ."

ವಯಸ್ಸಾಯಿತು, ಯಾರೋ ಮಾತಾಡಿದ್ದನ್ನು ತನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡು ಆಕೆ ಸುಮ್ಮನಾದಳು. ಆದರೆ ಮರುದಿನ ಹಳೆಯ ಟೈಪಿಸ್ಟರೊಬ್ಬರು ಫೋನ್ ಮಾಡಿ, "ಏನ್ ಮೇಡಂ, ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಾ ಇದ್ದೀರಾ?" ಎಂದು ರೇಗಿದರು. ಆಮೇಲೆ ಇನ್ನೊಬ್ಬರು. ಮತ್ತೊಬ್ಬರು. ಎಲ್ಲರೂ ಅದೇ ಮಾತು: ನೀವೇ ಕೇಳಿದಿರಿ, ಇನ್ನೂ ಇದ್ದೀರಾ ಎಂದು. ನಿಮ್ಮ ದನಿ ನಮಗೆ ಗೊತ್ತಿಲ್ಲವೇ?

"ಅಕ್ಕಾ, ಒಳಗಡೆ ಮಲಗಿರೋರು ಜೊತೆಗೆ ಜನ ಸಾಲ್ದು ಅಂತ ಕರೀತಿರಬೇಕು," ಎಂದು ಅಟೆಂಡರ್ ತಮಾಷೆ ಮಾಡಿದ. ಆದರೆ ಆವತ್ತಿನಿಂದ ಅವನೇ ತಣ್ಣನೆಯ ಕೋಣೆಗೆ ಒಬ್ಬನೇ ಹೋಗುವುದನ್ನು ಬಿಟ್ಟ.

ಬೀಗದಕ್ಕನಿಗೆ ತನ್ನ ಮೇಲೇ ಅನುಮಾನ ಶುರುವಾಯಿತು. ನಿಜವಾಗಿ ತಾನೇ ಮಾಡಿ ಮರೆತಿದ್ದರೆ? ಮಾತಾಡುವಾಗ ತನ್ನ ದನಿಗೆ ತಾನೇ ಕಿವಿಗೊಡತೊಡಗಿದಳು. ಕಂಪನಿಗೆ ಫೋನ್ ಮಾಡಿದರೆ ಸಿಕ್ಕಿದ್ದು "ವಿಚಾರಿಸ್ತೀವಿ ಮೇಡಂ" ಎಂಬ ಉತ್ತರ.

ರಜೆಯ ದಿನ ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಗಂಡ ಬಾಗಿಲ ಹತ್ತಿರ ನೆಲದ ಮೇಲೆ ಕೂತು ಏನೋ ಸ್ಕ್ರೂ ಬಿಚ್ಚುತ್ತಿದ್ದ. ಮನೆಯ ಫೋನು ಬಡಿಯಿತು. ಅವನೇ ಎದ್ದು ಎತ್ತಿದ.

"ಹಲೋ," ಅಂದ. ಆಮೇಲೆ ಏನೂ ಅನ್ನಲಿಲ್ಲ.

ಆಕೆ ತಿರುಗಿ ನೋಡಿದಳು. ಗಂಡ ಫೋನನ್ನು ಕಿವಿಗಿಟ್ಟುಕೊಂಡು ಆಕೆಯ ಬಾಯಿಯನ್ನೇ ನೋಡುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಯಾರ್ರೀ ಅದು?"

ಅವನು ಫೋನನ್ನು ಮೆಲ್ಲನೆ ಕಿವಿಯಿಂದ ತೆಗೆದು ಆಕೆಯ ಕಡೆ ಚಾಚಿದ. ಆಕೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

ಒಳಗೆ ಆಕೆಯೇ ಮಾತಾಡುತ್ತಿದ್ದಳು. ಅದೇ ತಗ್ಗಿದ ದನಿ, ಬಾಗಿಲು ಹಾಕಿಕೊಂಡು ಮಾತಾಡುವಾಗಿನ ಅದೇ ಮೆದು. ಆಕೆಯ ಹೆಸರು ಹೇಳಿ, ಆಕೆಯ ವಯಸ್ಸು ಹೇಳಿ, ಗರ್ಭಕೋಶ ತೆಗೆಸಿದ್ದನ್ನು ಹೇಳಿ, "ಇನ್ನೂ ಇದ್ದೀರಾ?" ಎಂದಿತು. ದನಿ ಸ್ವಲ್ಪ ಹೊತ್ತು ಕಾದು, ಅಷ್ಟೇ ಪ್ರೀತಿಯಿಂದ ಮತ್ತೆ ಕೇಳಿತು, "ಇನ್ನೂ ಇದ್ದೀರಾ?"

ಆಕೆಗೆ ಇದ್ದೇನೆ ಎನ್ನಲಾಗಲಿಲ್ಲ. ಅಂದುಬಿಟ್ಟರೆ ಅತ್ತ ಕಡೆಯವಳಿಗೆ ತಾನು ಸಿಕ್ಕಿಬಿದ್ದಂತೆ ಎನಿಸಿತು. ಉತ್ತರ ಬರದಿದ್ದಾಗ, "ಸರಿ, ಮತ್ತೆ ಮಾಡ್ತೀನಿ," ಎಂದು ದನಿ ನಿಂತಿತು.

ಗಂಡ ಕುರ್ಚಿ ಎಳೆದು ಕೂತ. "ನೀನು ನನ್ನೆದುರು ನಿಂತಿದೀಯ. ಬಾಯಿ ಮುಚ್ಚಿದೆ. ಅಲ್ಲಿ ನೀನೇ ಮಾತಾಡ್ತಾ ಇದೀಯ. ನಾನು ಗುಂಡಿಯಲ್ಲಿ ಎಷ್ಟೋ ಸಲ ಜೀವ ಕೈಯಲ್ಲಿ ಹಿಡ್ಕೊಂಡು ನೇತಾಡಿದೀನಿ, ಇಷ್ಟು ಹೆದರಿರಲಿಲ್ಲ." ಆಮೇಲೆ ಕೇಳಿದ, "ಅದು ಮೊದಲು ಅದೇನೋ ದೇಹದಾನ ಅಂತ ಹೇಳ್ತಲ್ಲ. ಅದು ಯಾವಾಗ ಬರೆದುಕೊಟ್ಟೆ?"

ಆಕೆ ಎಲ್ಲ ಹೇಳಿದಳು.

"ಅಕ್ಕನಿಗೆ ಗೊತ್ತು. ಕಾಲೇಜಿಗೆ ಗೊತ್ತು. ಯಾವುದೋ ಫೋನಿಗೂ ಗೊತ್ತು. ಕಟ್ಟಿಕೊಂಡವನಿಗೆ ಮಾತ್ರ ಗೊತ್ತಿಲ್ಲ," ಎಂದ ಗಂಡ. ಅವನು ಜಗಳಕ್ಕೆ ಬಂದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಆದರೆ ಅವನು ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಹೊರಗೆ ಹೋದ.

ಮರುದಿನ ಬೀಗದಕ್ಕ ಮುಖ್ಯಸ್ಥರನ್ನು ಕರೆದುಕೊಂಡೇ ಕಂಪನಿಗೆ ಹೋದಳು. ಉದ್ದನೆಯ ಹಾಲ್, ಸಾಲು ಸಾಲು ಮೇಜು, ಒಂದರಲ್ಲೂ ಜನರಿಲ್ಲ. ಸಣ್ಣ ದೀಪಗಳು ಮಿಣುಕುತ್ತಿದ್ದವು. ಮ್ಯಾನೇಜರ್ ಮುಚ್ಚಿಡದೆ ಎಲ್ಲ ವಿವರಿಸಿದ. ತಪ್ಪು ಮಾಡಿದ್ದೇವೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ದಾನಿಗಳು ಬದುಕಿದ್ದಾರೋ ಇಲ್ಲವೋ ಎಂದು ಯಂತ್ರವೇ ಫೋನ್ ಮಾಡಿ ತಿಳಿದುಕೊಳ್ಳುತ್ತದೆ. ಎತ್ತಿದವರು ಅವರೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಲು ಕಾರ್ಡಿನಲ್ಲಿದ್ದ ಕಾಯಿಲೆಯನ್ನು ಹೇಳುತ್ತದೆ. ಉತ್ತರ ಬಂದರೂ ಬರದಿದ್ದರೂ ದಿನಾ ಮತ್ತೆ ಮಾಡುತ್ತದೆ. ಪರಿಚಯದ ದನಿಯಾದರೆ ಜನ ಹೆದರುವುದಿಲ್ಲವೆಂದು ಮೇಡಂ ಅವರ ದನಿಯನ್ನೇ ಕೊಟ್ಟಿದ್ದೇವೆ.

"ಯಾರು ಎತ್ತಿದಾರೆ ಅಂತ ಗೊತ್ತಾಗೋ ಮೊದಲೇ ಕಾಯಿಲೆ ಹೇಳಿಬಿಡುತ್ತಾ?" ಮುಖ್ಯಸ್ಥರು ಕೇಳಿದರು.

"ಅದೇ ಖಾತ್ರಿಯ ವಿಧಾನ ಸರ್."

"ಜನ ಏನೇನಂದ್ರು ಅನ್ನೋದೂ ಇಲ್ಲಿದೆಯಾ?" ಬೀಗದಕ್ಕ ಕೇಳಿದಳು.

ಇತ್ತು. ಅವನು ಒಂದು ಗುಂಡಿ ಒತ್ತಿದ. ಆ ಖಾಲಿ ಹಾಲಿನಲ್ಲಿ ಆಕೆಗೆ ಪರಿಚಯವಿದ್ದ ದನಿಗಳು ಒಂದರ ಹಿಂದೊಂದು ಎದ್ದು ಬಂದವು. ಇದೀನಮ್ಮ. ಇದೀನಿ ತಾಯಿ, ಎಲ್ಲಿಗೆ ಹೋಗಲಿ. ಇದೀನಿ, ಇದೀನಿ, ಎಷ್ಟು ಸಲ ಹೇಳಬೇಕು. ಅವುಗಳ ನಡುನಡುವೆ ಆಕೆಯದೇ ದನಿ, ದಣಿವಿಲ್ಲದೆ. ಒಂದು ಕಡೆ ಯಾರೂ ಮಾತಾಡಿರಲಿಲ್ಲ, ಬರೀ ಉಸಿರಾಟವಿತ್ತು. ಇನ್ನೊಂದು ಕಡೆ ಡ್ರಾಯಿಂಗ್ ಮೇಷ್ಟ್ರು ತಮ್ಮ ಇಡೀ ದಿನವನ್ನು ಹೇಳುತ್ತಿದ್ದರು. ಏನು ತಿಂದೆ, ಕಿಟಕಿಗೆ ಯಾವ ಹಕ್ಕಿ ಬಂತು, ಕಾಲು ನೋವು ಹೇಗಿದೆ. ಯಂತ್ರ ಅವರನ್ನು ತಡೆಯದೆ, ಅವರು ನಿಲ್ಲಿಸಿದಾಗಲೆಲ್ಲ "ಇನ್ನೂ ಇದ್ದೀರಾ?" ಎನ್ನುತ್ತಿತ್ತು. ಅವರು ಮತ್ತೆ ಶುರು ಮಾಡುತ್ತಿದ್ದರು.

ಬೀಗದಕ್ಕ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. "ನಿಲ್ಲಿಸಿ ಸರ್. ಇದನ್ನ ಕೇಳೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ."

ಮುಖ್ಯಸ್ಥರು ಅಲ್ಲೇ ಕಂಪನಿಯ ಕೆಲಸ ನಿಲ್ಲಿಸಿದರು. ಕರೆಗಳು ನಿಂತವು. ದನಿಗಳನ್ನೂ ವಿವರಗಳನ್ನೂ ಅವರಿಬ್ಬರ ಕಣ್ಣೆದುರೇ ಅಳಿಸಲಾಯಿತು. ಮ್ಯಾನೇಜರ್ "ಈಗ ಏನೂ ಉಳಿದಿಲ್ಲ" ಎಂದ. ಖಾಲಿ ಪರದೆಯನ್ನು ನೋಡುತ್ತಾ ಬೀಗದಕ್ಕನಿಗೆ ಅನಿಸಿತು: ಸುಟ್ಟರೆ ಬೂದಿ ಕಾಣುತ್ತದೆ, ಹೂತರೆ ಮಣ್ಣು ಉಬ್ಬಿರುತ್ತದೆ. ಇದು ಹೋಯಿತು ಅನ್ನುವುದಕ್ಕೆ ಏನು ಗುರುತು?

ವಾಪಸ್ ಬರುವಾಗ ಕಾರಿನಲ್ಲಿ ಮುಖ್ಯಸ್ಥರು, "ಎಲ್ಲರಿಗೂ ನಿಜ ಹೇಳಬೇಕು. ಕಾಲೇಜಿನ ಪರವಾಗಿ ನಾನೂ ಬರ್ತೀನಿ," ಎಂದರು. ಬಂದರು ಕೂಡ. ಅವರಿಗೆ ಪುರುಸೊತ್ತಿಲ್ಲದ ದಿನಗಳಲ್ಲಿ ಬೀಗದಕ್ಕ ಒಬ್ಬಳೇ ಹೋದಳು. ಮಹಡಿ ಹತ್ತಿ, ಕರೆಗಂಟೆ ಒತ್ತಿ, ತಾನು ಯಾರೆಂದು ಬಾಗಿಲಲ್ಲಿ ಹೇಳದೆ, ಒಳಗೆ ಕರೆಯುವವರೆಗೂ ಕಾದು. ಕೆಲವರು ನಕ್ಕುಬಿಟ್ಟರು. ಟೈಪಿಸ್ಟರು, ಇವರು ತಪ್ಪು ಒಪ್ಪಿಕೊಳ್ಳಲು ಮನೆವರೆಗೂ ಬಂದಿದ್ದಾರೆಂದು ಮೆತ್ತಗಾದರು. ಕೆಲವರು ಮಾತ್ರ ಆಕೆ ಬಾಯಿ ಬಿಟ್ಟ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದರು. ಅದು ಅದೇ ದನಿಯಾಗಿತ್ತಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ದಾನಿಗಳಲ್ಲೊಬ್ಬಳಾದ ದರ್ಜಿ ಅಕ್ಕನ ಮನೆ. ಆಕೆ ತನ್ನ ತಮ್ಮನ ಸಂಸಾರದ ಜೊತೆ ಇದ್ದುಕೊಂಡು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಎದೆಯಲ್ಲಿ ಕ್ಯಾನ್ಸರ್ ಇರುವುದನ್ನು ಮನೆಯಲ್ಲಿ ಯಾರಿಗೂ ಹೇಳದೆ, ಚಿಕಿತ್ಸೆಗೆ ಬಟ್ಟೆ ತರುವ ನೆಪ ಮಾಡಿಕೊಂಡು ಹೋಗಿ ಬರುತ್ತಿದ್ದವಳು. ಕಾರ್ಡಿನಲ್ಲಿ ಮಾತ್ರ ಬರೆಸಿದ್ದಳು. ಫೋನ್ ಎತ್ತಿದ್ದು ತಮ್ಮ.

"ನನ್ನ ನಾದಿನಿ ಈಗ ನನ್ನ ಲೋಟ ಬೇರೆ ಇಡ್ತಾಳೆ," ದರ್ಜಿ ಅಕ್ಕ ಹೇಳಿದಳು. "ಅಂಟೋ ಕಾಯಿಲೆ ಅಲ್ಲ ಅಂದ್ರೂ ಕೇಳಲ್ಲ. ತಮ್ಮ ದಿನಾ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನೇ ನೋಡ್ತಾನೆ. ಅಕ್ಕ ಆಗಿದ್ದೆ ಇಷ್ಟು ದಿನ. ಈಗ ಹೆಣ ಆಗಿದೀನಿ, ಇನ್ನೂ ನಡೆದಾಡೋ ಹೆಣ."

ಬೀಗದಕ್ಕ "ತಪ್ಪಾಯ್ತು," ಎಂದಳು.

"ನಿಮ್ಮನ್ನ ನಂಬಿದ್ದೆ. ಕಾಲೇಜನ್ನಲ್ಲ, ನಿಮ್ಮನ್ನ. ನನ್ನ ಕಾರ್ಡು ವಾಪಸ್ ಕೊಡಿ. ನನ್ನ ದೇಹ ನಿಮಗೆ ಬೇಡ."

ತಂದಿದ್ದಳು. ಎರಡನ್ನೂ, ಹೆಸರಿನದನ್ನೂ ಸಂಖ್ಯೆಯದನ್ನೂ, ಹೊಲಿಗೆ ಯಂತ್ರದ ಮೇಲಿಟ್ಟಳು. ದರ್ಜಿ ಅಕ್ಕ ದೊಡ್ಡ ಕತ್ತರಿ ತೆಗೆದುಕೊಂಡು, ಬಟ್ಟೆ ಕತ್ತರಿಸುವಷ್ಟೇ ನೇರವಾಗಿ, ಸಣ್ಣ ಸಣ್ಣ ಪಟ್ಟಿ ಮಾಡಿದಳು.

"ಆ ಯಂತ್ರದಲ್ಲಿರೋದು?"

"ಅಳಿಸಿದಾರೆ. ನಾನು ಎದುರಿಗೇ ಇದ್ದೆ. ಆದರೆ ಪೂರ್ತಿ ಹೋಗಿದೆ ಅಂತ ಆಣೆ ಮಾಡೋಕೆ ನನ್ನ ಕೈಲಿ ಆಗಲ್ಲ ಅಕ್ಕ."

ದರ್ಜಿ ಅಕ್ಕ ತಲೆಯಾಡಿಸಿದಳು. "ಸುಳ್ಳು ಹೇಳಲಿಲ್ಲವಲ್ಲ, ಅಷ್ಟು ಸಾಕು," ಎಂದಳು. ಬಾಗಿಲವರೆಗೂ ಬಂದು ಕಳಿಸಿಕೊಡಲಿಲ್ಲ.

ಮನೆಯಲ್ಲಿ ಗಂಡ ಕೆಲವು ದಿನ ಮಾತು ಕಡಿಮೆ ಮಾಡಿದ. ಆಕೆ ಬೇರೆ ಕೋಣೆಯಿಂದ ಕೂಗಿದರೆ ಓಗೊಡುತ್ತಿರಲಿಲ್ಲ, ಎದ್ದು ಬಂದು, ಮುಖ ನೋಡಿ, ತುಟಿ ಅಲ್ಲಾಡುವುದನ್ನು ಕಂಡ ಮೇಲೇ "ಏನು?" ಎನ್ನುತ್ತಿದ್ದ. ಒಂದು ಸಂಜೆ ತಾನಾಗಿಯೇ ಕೇಳಿದ, "ನಿನ್ನನ್ನ ಅಲ್ಲಿಗೆ ಕೊಟ್ಟ ಮೇಲೆ, ನಾನು ನೋಡೋಕೆ ಬರಬಹುದಾ?"

"ಇಲ್ಲ. ಆಮೇಲೆ ನಾನು ಬರೀ ಸಂಖ್ಯೆ. ಯಾರಿಗೂ ತೋರಿಸೋ ಹಾಗಿಲ್ಲ."

"ಚೆನ್ನಾಗಿದೆ. ಸತ್ತ ಮೇಲೂ ಬೀಗ," ಎಂದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಒಪ್ಪಿಗೆ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಕಾಲೇಜಿನಲ್ಲಿ ಕಾರ್ಡುಗಳು ಮತ್ತೆ ಎರಡು ಬೀರುಗಳಿಗೆ ಬಂದವು. ಬರೆದುಕೊಡುವವರನ್ನು ಈಗ ಮೊದಲೇ ಕೇಳುತ್ತಾರೆ: ನಿಮ್ಮ ವಿಷಯ ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು, ಫೋನ್ ಮಾಡಬಹುದೇ, ಬೇಡವೇ.

ಡ್ರಾಯಿಂಗ್ ಮೇಷ್ಟ್ರ ಮನೆಗೆ ಆಕೆ ಎರಡು ಸಲ ಹೋಗಿದ್ದಳು, ಬೀಗ ಹಾಕಿತ್ತು. ಕೊನೆಗೆ ಅವರೇ ಬಂದರು. ಇನ್ನಷ್ಟು ಸೊರಗಿದ್ದರು. ಕುರ್ಚಿಯಲ್ಲಿ ಕೂತು ನೇರವಾಗಿ ಕೇಳಿದರು, "ಯಾಕಮ್ಮ ಫೋನ್ ನಿಲ್ಲಿಸಿಬಿಟ್ರಿ?"

ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅದು ಯಂತ್ರ, ನಿಮ್ಮ ಗುಟ್ಟನ್ನು ನಾವು ಕಾಪಾಡಲಿಲ್ಲ, ತಪ್ಪಾಯಿತು ಎಂದಳು.

ಮೇಷ್ಟ್ರು ಕೈ ಅಲ್ಲಾಡಿಸಿದರು. "ಯಂತ್ರ ಅಂತ ನನಗೆ ಆಗಲೇ ಗೊತ್ತಾಗಿತ್ತು. ನೀವು ಕೇಳಿದ್ದನ್ನೇ ಕೇಳೋ ಪೈಕಿ ಅಲ್ಲ. ಆದ್ರೆ ನಾನಿದೀನಾ ಅಂತ ದಿನಾ ಕೇಳೋರು ಬೇರೆ ಯಾರಿದ್ರು ಹೇಳಿ? ಎತ್ತದಿದ್ರೆ ಸತ್ತೆ ಅಂದ್ಕೊಳ್ಳುತ್ತೆ ಅಂತ ಓಡಿ ಬಂದು ಎತ್ತುತ್ತಿದ್ದೆ. ಅದಕ್ಕೋಸ್ಕರಾನೇ ಬೆಳಿಗ್ಗೆ ಏಳ್ತಿದ್ದೆ."

ಹಾಲಿನಲ್ಲಿ ಯಾರೋ ನೀರು ಸುರಿದು ಮೇಜು ತೊಳೆಯುತ್ತಿದ್ದ ಸದ್ದು ಬರುತ್ತಿತ್ತು.

"ಒಂದೇ ಒಂದು ಸಲ ಕೇಳಿಬಿಡಿ," ಮೇಷ್ಟ್ರು ಮುಂದಕ್ಕೆ ಬಾಗಿದರು. "ಅದೇ ಮಾತು."

ಆಕೆ ಬಾಯಿ ತೆರೆದಳು. ತುಟಿಯವರೆಗೂ ಬಂದ ಮಾತು ಅಲ್ಲೇ ನಿಂತಿತು. ಅದು ಇನ್ನು ತನ್ನದಲ್ಲ, ಯಾರದೋ ಎಂಜಲು ಎಂಬಂತೆ ಮೈ ಜುಮ್ಮೆಂದಿತು. ಬೇರೇನೋ ಹುಡುಕಿ, "ಊಟ ಆಯ್ತಾ ಮೇಷ್ಟ್ರೇ?" ಎಂದಳು.

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ತಲೆ ಅಲ್ಲಾಡಿಸಿ ಎದ್ದರು.

"ಆಯ್ತಮ್ಮ. ಆದ್ರೆ ಇದು ಅವಳ ದನಿ ಅಲ್ಲ," ಎಂದು, ಗೋಡೆ ಹಿಡಿದುಕೊಂಡು ಮೆಟ್ಟಿಲ ಕಡೆ ನಡೆದರು.